ಸಾಯುತ್ತಿರುವ ಊರಿಗೆ ಐದು ಯೂರೋ ಟಿಕೆಟ್

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ಯಾರಾದರೂ ಒಬ್ಬರು ಮಾತಾಡುವ ರೂಢಿ ಇದೆ. ಈ ಸಲದ ಸರದಿ ನನ್ನದಾಗಿತ್ತು. ಅವತ್ತು ಆಡಿದ್ದನ್ನೇ ಸ್ವಲ್ಪ ತಿದ್ದಿ ಬರೆದಿದ್ದೇನೆ. ಶುರುವಿನಲ್ಲೇ ಕರೆಂಟು ಹೋಗಿ ಫೋಟೋ ತೋರಿಸಲು ಆಗಲಿಲ್ಲ. ಹಾಗಾಗಿ ಬಾಯಲ್ಲೇ ಜಾಸ್ತಿ ಹೇಳಬೇಕಾಯಿತು.)

ಎಲ್ಲರಿಗೂ ನಮಸ್ಕಾರ. ಕರೆಂಟು ಬರುವವರೆಗೆ ಕಾಯೋಣ ಅಂದರೆ ಮಾತು ಮುಗಿಯೋದು ನಾಳೆಗೇ ಆಗುತ್ತೆ. ಸುಮ್ನೆ ಶುರು ಮಾಡಿಬಿಡ್ತೀನಿ.

ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು, ನಾನು ಮೂವತ್ತು ವರ್ಷ ಮಣ್ಣು ಪರೀಕ್ಷೆ ಮಾಡಿದವನು. ಸೇತುವೆ ಕಟ್ಟೋ ಮುಂಚೆ, ಟ್ಯಾಂಕ್ ಕಟ್ಟೋ ಮುಂಚೆ, ಕೆಳಗೆ ಏನಿದೆ ಅಂತ ನೋಡಿ ಬರೆದುಕೊಡೋದೇ ನನ್ನ ಹೊಟ್ಟೆಪಾಡಾಗಿತ್ತು. ಈ ಚಾಳಿ ನಿವೃತ್ತಿ ಆದ ಮೇಲೂ ಬಿಡಲ್ಲ. ಮಗಳು ಟಿಕೆಟ್ ಮಾಡಿಸಿ ನಮ್ಮಿಬ್ಬರನ್ನು ಇಟಲಿಗೆ ಕಳಿಸಿದಾಗ ನಮ್ಮ ಮನೆಯವರು ನೋಡಿದ್ದು ಚರ್ಚು, ಚಿತ್ರ, ಚಪ್ಪಲಿ ಅಂಗಡಿ. ನಾನು ನೋಡಿದ್ದು ಪಾಯ. ಅದಕ್ಕೇ ಇವತ್ತು ರೋಮು, ವೆನಿಸ್ಸು ಯಾವುದನ್ನೂ ಹೇಳಲ್ಲ. ಪಾಯವೇ ಜಾರಿಹೋಗುತ್ತಿರುವ ಒಂದು ಊರಿನ ಬಗ್ಗೆ ಮಾತ್ರ ಹೇಳ್ತೀನಿ.

ಊರಿನ ಹೆಸರು ಚಿವಿತಾ ದಿ ಬಾನ್ಯೊರೇಜೊ. ರೋಮ್‌ನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್, ಲಾತ್ಸಿಯೊ ಪ್ರಾಂತ್ಯದ ವಿತೆರ್ಬೊ ಜಿಲ್ಲೆ. ಬಾನ್ಯೊರೇಜೊ ಅನ್ನೋದು ಒಂದು ಸಣ್ಣ ಪಟ್ಟಣ. ಅದರ ಎದುರಿಗೆ, ಕಣಿವೆಯ ನಡುವೆ ಎದ್ದು ನಿಂತಿರೋ ಗುಡ್ಡದ ನೆತ್ತಿಯ ಮೇಲೆ ಚಿವಿತಾ. ಚಳಿಗಾಲದಲ್ಲಿ ಅಲ್ಲಿ ಇರೋದು ಹತ್ತು ಹನ್ನೆರಡು ಜನ. ನಮ್ಮ ವಾಚನಾಲಯದ ಕಮಿಟಿಯಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದೇವೆ.

ಹೋಗೋ ದಾರಿ ಬಗ್ಗೆ ಒಂದು ಮಾತು. ರೈಲಿನಲ್ಲಿ ಓರ್ವಿಯೇತೊ ತನಕ ಹೋಗಬೇಕು, ಅಲ್ಲಿಂದ ಬಸ್ಸು. ನಾವು ಹೋಗಿದ್ದು ಭಾನುವಾರ. ಬಸ್ ನಿಲ್ದಾಣದ ಕಂಬದಲ್ಲಿ ವೇಳಾಪಟ್ಟಿ ಅಂಟಿಸಿದ್ದರು. ಓದಿದೆ, ಹನ್ನೊಂದು ಚಿಲ್ಲರೆಗೆ ಬಸ್ಸಿದೆ ಅಂತ ಧೈರ್ಯವಾಗಿ ಕೂತೆ. ಒಂದು ಗಂಟೆ ಆದಮೇಲೆ ಕಾಫಿ ಅಂಗಡಿಯ ಹುಡುಗ ಹೊರಗೆ ಬಂದು, ಪಟ್ಟಿಯ ಮೂಲೆಯಲ್ಲಿದ್ದ ಒಂದೇ ಒಂದು ಪದದ ಮೇಲೆ ಬೆರಳಿಟ್ಟು ತೋರಿಸಿದ. ‘ಫೆರಿಯಾಲೆ’. ಅಂದರೆ ಕೆಲಸದ ದಿನ ಮಾತ್ರ. ನಮ್ಮ ಮನೆಯವರು ಏನೂ ಹೇಳಲಿಲ್ಲ. ಏನೂ ಹೇಳದೆ ಇರೋದು ಎಷ್ಟು ಜೋರಾಗಿ ಕೇಳಿಸುತ್ತೆ ಅಂತ ಮದುವೆಯಾದವರಿಗೆ ಗೊತ್ತು. ಟ್ಯಾಕ್ಸಿಗೆ ಕೊಟ್ಟ ದುಡ್ಡು ಎಷ್ಟು ಅಂತ ಇಲ್ಲಿ ಹೇಳಲ್ಲ, ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಬಾನ್ಯೊರೇಜೊ ಪಟ್ಟಣದ ಕೊನೆಯಲ್ಲಿ ಒಂದು ಕಟ್ಟೆ ಇದೆ. ಅಲ್ಲಿಂದ ಚಿವಿತಾ ಮೊದಲ ಸಲ ಕಾಣುತ್ತೆ. ಗುಡ್ಡದ ಮೇಲಿನ ಊರು ಅಂದಮೇಲೆ ಕತ್ತೆತ್ತಿ ನೋಡಬೇಕು ಅಂದುಕೊಂಡಿದ್ದೆ. ಹಾಗಲ್ಲ. ಪಟ್ಟಣವೇ ಎತ್ತರದಲ್ಲಿದೆ, ಚಿವಿತಾ ಸ್ವಲ್ಪ ಕೆಳಗಿದೆ. ಕಣಿವೆ ಮಧ್ಯೆ ಒಂದು ಬೆಲ್ಲದ ಅಚ್ಚನ್ನು ನಿಲ್ಲಿಸಿ, ಅದರ ಮೇಲೆ ಮನೆ ಜೋಡಿಸಿದ ಹಾಗೆ ಕಾಣುತ್ತೆ. ಬಣ್ಣವೂ ಬೆಲ್ಲದ್ದೇ. ಮಧ್ಯದಲ್ಲಿ ಚರ್ಚಿನ ಗಂಟೆ ಗೋಪುರ. ಸುತ್ತ ಹಸಿರು ಇದೆ, ಆದರೆ ಹಸಿರಿನ ನಡುವೆ ಅಲ್ಲಲ್ಲಿ ಬೂದು ಬಣ್ಣದ ಮಣ್ಣಿನ ದಿಣ್ಣೆಗಳು, ಚೂಪು ಚೂಪು ಏಣುಗಳು, ಹುಲ್ಲೂ ಹಿಡಿಯದ ಇಳಿಜಾರು. ಎಲ್ಲರೂ ಊರಿನ ಫೋಟೋ ತೆಗೀತಿದ್ದರು. ನಾನು ಆ ಬೂದು ಮಣ್ಣಿನ ಫೋಟೋ ತೆಗೆದೆ. ಕರೆಂಟು ಬಂದರೆ ತೋರಿಸ್ತೀನಿ.

ಕಥೆ ಇರೋದೇ ಆ ಮಣ್ಣಿನಲ್ಲಿ. ಆ ಜಾಗ ಒಂದು ಕಾಲಕ್ಕೆ ಸಮುದ್ರದ ತಳ. ಸಮುದ್ರ ಬಿಟ್ಟುಹೋದ ಜೇಡಿಮಣ್ಣು ದಪ್ಪಕ್ಕೆ ಕೂತಿದೆ. ಆಮೇಲೆ ಪಕ್ಕದಲ್ಲಿ ಜ್ವಾಲಾಮುಖಿಗಳು ಉಗುಳಿದವು. ಈಗ ಅಲ್ಲಿ ಬೊಲ್ಸೇನಾ ಅಂತ ದೊಡ್ಡ ಸರೋವರ ಇದೆ, ಅದು ಜ್ವಾಲಾಮುಖಿ ಕುಸಿದು ಆದ ಹಳ್ಳ. ಉಗುಳಿದ ಬೂದಿ, ಕಲ್ಲುಪುಡಿ ಎಲ್ಲ ಬಿಸಿಬಿಸಿಯಾಗಿ ಬಂದು ಜೇಡಿಯ ಮೇಲೆ ಬಿದ್ದು ಗಟ್ಟಿಯಾಯಿತು. ಆ ಕಲ್ಲಿಗೆ ‘ತೂಫೊ’ ಅನ್ನುತ್ತಾರೆ. ನಮ್ಮ ಕರಾವಳಿಯ ಮುರಕಲ್ಲು ಮಾಡುವ ಕೆಲಸವನ್ನೇ ಅಲ್ಲಿ ಅದು ಮಾಡುತ್ತೆ. ಕೊಯ್ಯೋಕೆ ಸುಲಭ, ಕಟ್ಟೋಕೆ ಗಟ್ಟಿ. ಹುಟ್ಟು ಮಾತ್ರ ಪೂರ್ತಿ ಬೇರೆ.

ಅಂದರೆ ಮೇಲೆ ಗಟ್ಟಿ ಕಲ್ಲಿನ ಮುಚ್ಚಳ, ಕೆಳಗೆ ಜೇಡಿ. ಮೊಸರಿನ ಗಡಿಗೆ ಮೇಲೆ ಮಣೆ ಇಟ್ಟ ಹಾಗೆ. ಗುಡ್ಡದ ಎರಡೂ ಪಕ್ಕದಲ್ಲಿ ಎರಡು ಹಳ್ಳ ಹರಿಯುತ್ತೆ. ಒಂದರ ಹೆಸರು ರಿಯೊ ಕ್ಯಾರೊ, ಅಂದರೆ ತಿಳಿನೀರಿನ ಹಳ್ಳ. ಇನ್ನೊಂದು ರಿಯೊ ತೋರ್ಬಿದೊ, ಕದಡಿದ ಹಳ್ಳ. ಹೆಸರಿಟ್ಟವರು ನೀರು ನೋಡಿಯೇ ಇಟ್ಟಿದ್ದಾರೆ. ಕದಡಿರೋದು ಯಾಕೆ? ಗುಡ್ಡದ ಬುಡದ ಜೇಡಿಯನ್ನು ಕೊಚ್ಚಿಕೊಂಡು ಹೋಗುತ್ತಿರೋದರಿಂದ. ಬುಡ ಸವೆದ ಹಾಗೆ ಜೇಡಿಯ ಇಳಿಜಾರು ಜಾರುತ್ತೆ. ಮೇಲಿನ ಕಲ್ಲಿಗೆ ಅಂಚಿನಲ್ಲಿ ಆಸರೆ ತಪ್ಪುತ್ತೆ. ಆ ಕಲ್ಲು ಆರುವಾಗಲೇ ಉದ್ದುದ್ದಕ್ಕೆ ಸೀಳು ಬಿಟ್ಟಿರುತ್ತೆ. ಮಳೆ ನೀರು ಆ ಸೀಳಿನಲ್ಲಿ ಇಳಿದು, ಕಲ್ಲೂ ಜೇಡಿಯೂ ಸೇರೋ ಜಾಗದಲ್ಲಿ ನಿಲ್ಲುತ್ತೆ. ಮುಂದೇನು ಅಂತ ಎರೆಹೊಲದಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಹೇಳಬೇಕಾಗಿಲ್ಲ. ಒಂದು ದಿನ ಅಂಚಿನ ಕಲ್ಲು ಹೋಳುಹೋಳಾಗಿ ಕಳಚಿ ಕೆಳಗೆ ಹೋಗುತ್ತೆ. ಅದರ ಮೇಲೆ ಮನೆ ಇದ್ದರೆ ಮನೆ.

ಇಂಥ ಕಡೆ ಊರು ಯಾಕೆ ಕಟ್ಟಿದರು ಅಂತ ಕೇಳಬಹುದು. ಕಟ್ಟಿದವರು ಎಟ್ರುಸ್ಕನ್ನರು, ರೋಮನ್ನರಿಗಿಂತ ಮುಂಚಿನವರು, ಸುಮಾರು 2,500 ವರ್ಷದ ಹಿಂದೆ. ಎತ್ತರ ಇದ್ದರೆ ಶತ್ರು ಬರೋದು ಕಾಣುತ್ತೆ, ಮೇಲೆ ಗಾಳಿ ಬೆಳಕು ಚೆನ್ನಾಗಿರುತ್ತೆ, ಕಲ್ಲನ್ನು ಕೊರೆದರೆ ನೆಲಮಾಳಿಗೆ ಸಿಗುತ್ತೆ. ಅಷ್ಟಕ್ಕೂ ಆಗ ಅದು ಹೀಗೆ ಒಂಟಿಯಾಗಿ ನಿಂತಿರಲಿಲ್ಲ. ಪಟ್ಟಣದ ಕಡೆಯಿಂದ ಚಿವಿತಾಗೆ ಮಣ್ಣಿನ ಏರಿಯ ಹಾಗೆ ನೆಲವೇ ಕೂಡಿಕೊಂಡಿತ್ತು. ಅದು ಸವೆದು ಸವೆದು ಇಳಿದುಹೋಯಿತು. ಆಮೇಲೆ ಸೇತುವೆ ಬೇಕಾಯಿತು. ಹಳೆ ಸೇತುವೆಯನ್ನು 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಉಡಾಯಿಸಿತು. ಈಗಿರೋ ಕಾಂಕ್ರೀಟ್ ಸೇತುವೆ 1965ರದ್ದು. ಉದ್ದ ಸುಮಾರು 300 ಮೀಟರ್. ಕಾಲುನಡಿಗೆಗೆ ಮಾತ್ರ, ಕಾರು ಹೋಗಲ್ಲ.

ಟಿಕೆಟ್ ಕೊಡೋದು ಈ ಸೇತುವೆ ಹತ್ತೋ ಮುಂಚೆ. ಊರಿಗೆ ಟಿಕೆಟ್! 2013ರಲ್ಲಿ ಶುರುವಾದಾಗ ಒಂದೂವರೆ ಯೂರೋ ಇತ್ತಂತೆ. ನಾವು ಕೊಟ್ಟಿದ್ದು ತಲೆಗೆ 5. ನಮ್ಮ ಮನೆಯವರು ಚೀಟಿ ತಿರುಗಿಸಿ ನೋಡಿ, “ರೀ, ಇದು ಊರಾ, ಜೂನಾ?” ಅಂದರು. ಈ ಪ್ರಶ್ನೆಗೆ ಆಮೇಲೆ ಬರ್ತೀನಿ.

ಸೇತುವೆ ಮೊದಲು ಸರಾಗವಾಗಿದೆ, ಕೊನೆಗೆ ಹೋಗ್ತಾ ಹೋಗ್ತಾ ಒಂದೇ ಸಮ ಏರು. ಮಂಡಿ ನೋವಿನವರು ನಿಂತು ನಿಂತು ಹತ್ತಬೇಕು. ಹಾಗೆ ನಿಂತಾಗಲೇ ಹಿಂದಿನಿಂದ ಒಂದು ಸದ್ದು ಕೇಳಿತು. ಎಲ್ಲೋ ಕೇಳಿದ ಸದ್ದು. ತಿರುಗಿದರೆ ಮೂರು ಚಕ್ರದ ಆಪೆ! ನಮ್ಮಲ್ಲಿ ಹಳ್ಳಿ ಹಳ್ಳಿಗೆ ಜನರನ್ನು ತುಂಬಿಕೊಂಡು ಓಡುತ್ತಲ್ಲ, ಅದೇ ಆಪೆ, ಸಾಮಾನು ಸಾಗಿಸುವ ಥರದ್ದು. ಕಾರಿಗೆ ಆಗದ ಈ ಸೇತುವೆ ಮೇಲೆ ಊರಿಗೆ ಸಾಮಾನು ತರೋದು ಅದೇ. ಹಿಂದೆ ಈ ಕೆಲಸ ಕತ್ತೆಗಳದ್ದಾಗಿತ್ತು. ಅಂದಹಾಗೆ ಆಪೆ ಅಂದರೆ ಇಟಾಲಿಯನ್‌ನಲ್ಲಿ ಜೇನುನೊಣ. ಪಿಯಾಜಿಯೊ ಕಂಪನಿ 1946ರಲ್ಲಿ ವೆಸ್ಪಾ ಸ್ಕೂಟರ್ ಮಾಡಿತು, ವೆಸ್ಪಾ ಅಂದರೆ ಕಣಜ. ಎರಡು ವರ್ಷ ಆದಮೇಲೆ ಅದೇ ಸ್ಕೂಟರಿಗೆ ಹಿಂದೆ ಎರಡು ಚಕ್ರ ಹಾಕಿ ಆಪೆ ಮಾಡಿತು. ಯುದ್ಧ ಮುಗಿದು ಜನರ ಹತ್ತಿರ ದುಡ್ಡಿಲ್ಲದ ಕಾಲ ಅದು. ನಮ್ಮ ದೇಶದ ಆಟೋರಿಕ್ಷಾದ ಮೂಲವೂ ಅಲ್ಲೇ ಇದೆ, ಬಜಾಜ್‌ನವರು ಮೊದಲು ಪಿಯಾಜಿಯೊದ ಲೈಸೆನ್ಸ್ ತಗೊಂಡೇ ಶುರು ಮಾಡಿದ್ದು. ನಾವು ದಾರಿ ಬಿಟ್ಟು ಕಂಬಿಗೆ ಒತ್ತಿ ನಿಂತೆವು. ಹಿಂದೆ ಏನೇನಿತ್ತು ಅಂತ ನೋಡಿದೆ. ನೀರಿನ ಬಾಟಲಿಯ ಕಟ್ಟುಗಳು, ಒಂದು ಗ್ಯಾಸ್ ಸಿಲಿಂಡರ್, ಬಿಳಿ ಬೆಡ್‌ಶೀಟಿನ ಎರಡು ದೊಡ್ಡ ಗಂಟು.

ಊರ ಬಾಗಿಲಿನ ಹೆಸರು ಪೋರ್ತಾ ಸಾಂತಾ ಮರಿಯಾ. ಬಂಡೆ ಕೊರೆದು ಮಾಡಿದ ದಾರಿ, ಒಳಗೆ ತಂಪು. ಬಾಗಿಲ ಮೇಲೆ ಎರಡು ಕಲ್ಲಿನ ಸಿಂಹ, ಪಂಜದಲ್ಲಿ ಮನುಷ್ಯರ ತಲೆ ಹಿಡಿದಿವೆ. ಓರ್ವಿಯೇತೊದ ಮೊನಾಲ್ದೆಸ್ಕಿ ಅನ್ನೋ ಪಾಳೇಗಾರ ಮನೆತನವನ್ನು ಊರವರು ಓಡಿಸಿದ ನೆನಪಿಗೆ ಅಂತ ಹೇಳುತ್ತಾರೆ. ಬಾಗಿಲು ದಾಟಿದ ಕೂಡಲೇ ಒಂದು ಗೋಡೆ ಸಿಗುತ್ತೆ. ಹಳೆ ದೊಡ್ಡಮನೆಯ ಮುಂಗೋಡೆ. ಕೆಳಗೆ ಮರದ ಬಾಗಿಲು, ಮೇಲೆ ಕಲ್ಲಿನ ಚೌಕಟ್ಟಿನ ಚೆಂದದ ಕಿಟಕಿಗಳು. ನಾನು ಸುಮ್ನೆ ಕತ್ತೆತ್ತಿ ನೋಡಿದೆ. ಕಿಟಕಿಯಲ್ಲಿ ಪರದೆ ಕಾಣಬೇಕು, ಇಲ್ಲ ಕತ್ತಲೆ ಕಾಣಬೇಕು ಅಲ್ವಾ? ಅಲ್ಲಿ ಆಕಾಶ ಕಂಡಿತು. ಒಂದು ಮೋಡ ಈ ಕಿಟಕಿಯಿಂದ ಆ ಕಿಟಕಿಗೆ ನಿಧಾನಕ್ಕೆ ಹೋಯಿತು. ಮನೆ ಇಲ್ಲ. ಹಿಂದಿನ ನೆಲದ ಸಮೇತ ಮನೆ ಕಣಿವೆಗೆ ಹೋಗಿದೆ, ಮುಂಗೋಡೆ ಒಂದೇ ಉಳಿದಿದೆ. ಜನ ಅದರ ಮುಂದೆ ನಿಂತು ಸೆಲ್ಫಿ ತಗೊಳ್ತಿದ್ದರು. ನಾನು ಪಕ್ಕಕ್ಕೆ ಹೋಗಿ ಗೋಡೆಯ ದಪ್ಪ ನೋಡಿದೆ, ಕಲ್ಲಿನ ಸಂದು ನೋಡಿದೆ. ಗೋಡೆಯಲ್ಲಿ ಒಂದು ತಪ್ಪೂ ಇಲ್ಲ. ಕಟ್ಟಿದವರು ಕಸುಬು ಬಲ್ಲವರು.

ಈ ಊರಿನ ದೊಡ್ಡ ಮಗ ಸಂತ ಬೊನಾವೆಂತೂರಾ. 1274ರಲ್ಲಿ ತೀರಿಕೊಂಡವರು, ಕ್ರೈಸ್ತ ಧರ್ಮದ ದೊಡ್ಡ ಪಂಡಿತರಲ್ಲಿ ಒಬ್ಬರು. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದಾಗ ಅಸ್ಸಿಸಿಯ ಸಂತ ಫ್ರಾನ್ಸಿಸ್ ಬದುಕಿಸಿದರು ಅಂತ ಕಥೆ ಇದೆ. ಅವರು ಹುಟ್ಟಿದ ಮನೆ ಎಲ್ಲಿ ಅಂತ ಕೇಳಿದರೆ ಊರಿನ ಅಂಚಿಗೆ ಕರೆದುಕೊಂಡು ಹೋಗುತ್ತಾರೆ. ಅದೂ ಕೆಳಗೆ ಹೋಗಿದೆ.

ಇನ್ನು ಚೌಕ. ಊರು ಅಂದರೆ ಚೌಕ, ಚೌಕ ಅಂದರೆ ಊರು, ಅಷ್ಟೇ ಇರೋದು. ಕಲ್ಲು ಹಾಸಿಲ್ಲ, ಜಲ್ಲಿ ನೆಲ. ಒಂದು ಕಡೆ ಸಾನ್ ದೊನಾತೊ ಚರ್ಚು, ಅದರ ಮುಂದೆ ಹಳೆ ಕಂಬಗಳ ಮೋಟು ತುಂಡುಗಳು. ಒಂದು ತುಂಡಿನ ಮೇಲೆ ಬೆಕ್ಕು ಮಲಗಿತ್ತು. ಇಲ್ಲಿ ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಕತ್ತೆ ಓಟ ನಡೆಯುತ್ತೆ, ‘ತೊನ್ನಾ’ ಅಂತ ಹೆಸರು. ನಮಗೆ ನೋಡೋಕೆ ಸಿಗಲಿಲ್ಲ.

ಚರ್ಚಿನೊಳಗೆ ಮರದ ದೊಡ್ಡ ಶಿಲುಬೆ ಇದೆ, ಹದಿನೈದನೇ ಶತಮಾನದ್ದು. ಇದರ ಕಥೆ ನನಗೆ ತುಂಬಾ ಹಿಡಿಸಿತು. ಗುಡ್ ಫ್ರೈಡೇ ದಿನ ಅದನ್ನು ಹೊತ್ತು ಸೇತುವೆ ದಾಟಿ ಬಾನ್ಯೊರೇಜೊಗೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ನಡುರಾತ್ರಿಯೊಳಗೆ ಚಿವಿತಾಗೆ ವಾಪಸ್ ತರಬೇಕು. ತಡವಾದರೆ ಶಿಲುಬೆ ಪಟ್ಟಣದವರ ಪಾಲು ಅಂತ ನಂಬಿಕೆ. ನಮ್ಮಲ್ಲೂ ದೇವರು ಪಕ್ಕದ ಊರಿಗೆ ಹೋಗಿ ಬರೋ ಉತ್ಸವ ಇದೆ, ತಡವಾಯಿತು ಅಂತ ಜಗಳವೂ ಇದೆ. ಆದರೆ ಇಲ್ಲಿ ಜಗಳಕ್ಕೊಂದು ಹಿನ್ನೆಲೆ ಇದೆ. ಮೊದಲು ದೊಡ್ಡ ಊರು ಚಿವಿತಾನೇ. ಈಗಿನ ಪಟ್ಟಣ ಅದರ ಹೊರಗಿನ ಕೇರಿ. 1695ರ ಜೂನ್‌ನಲ್ಲಿ ಭೂಕಂಪ ಆಯಿತು. ಮನೆಗಳು ಬಿದ್ದವು, ಬರೋ ದಾರಿ ಕಿತ್ತುಹೋಯಿತು. ಊರಿನ ಆಡಳಿತ ಆ ಕೇರಿಗೆ ಎದ್ದುಹೋಯಿತು, ಬಿಷಪ್ಪರೂ ಹೊರಟರು. ಕಚೇರಿ ಹೋದ ಮೇಲೆ ಕೆಲಸ ಹೋಗುತ್ತೆ, ಕೆಲಸ ಹೋದ ಮೇಲೆ ಜನ ಹೋಗುತ್ತಾರೆ. ತಾಲ್ಲೂಕು ಕಚೇರಿ ಎತ್ತಿಕೊಂಡು ಹೋದ ಊರುಗಳನ್ನು ನೀವೂ ನೋಡಿರ್ತೀರಿ.

ಇಲ್ಲೇ ನನ್ನ ತಕರಾರು ಶುರುವಾಗೋದು. ಚಿವಿತಾಗೆ ‘ಸಾಯುತ್ತಿರುವ ಊರು’ ಅಂತ ಹೆಸರು. ಬಾನ್ಯೊರೇಜೊದಲ್ಲೇ ಹುಟ್ಟಿದ ಲೇಖಕ ಬೊನಾವೆಂತೂರಾ ತೆಕ್ಕಿ ಹಾಗೆ ಕರೆದಿದ್ದು. ಅವರು ಹೇಳಿದ್ದು ನೋವಿನಿಂದ. ಈಗ ಅದೇ ಮಾತು ಕೀಲಿಗೊಂಚಲಿನ ಮೇಲೆ, ಫ್ರಿಜ್ಜಿಗೆ ಅಂಟಿಸೋ ಬಿಲ್ಲೆಯ ಮೇಲೆ ಇದೆ. ಎಲ್ಲ ತಪ್ಪನ್ನೂ ಮಣ್ಣಿನ ಮೇಲೆ ಹಾಕಿದರೆ ಮನುಷ್ಯರಿಗೆ ಆರಾಮ. ಮಣ್ಣು ತಿನ್ನೋದು ಅಂಚನ್ನು, ಅದೂ ನಿಧಾನಕ್ಕೆ. ಚೌಕದ ಸುತ್ತ ಇರೋ ಮನೆಗಳ ಕೆಳಗೆ ಕಲ್ಲು ಇನ್ನೂ ಗಟ್ಟಿಯಾಗಿದೆ. ಆ ಮನೆಗಳಲ್ಲೂ ಜನ ಇಲ್ಲವಲ್ಲ? ಅವರನ್ನು ಓಡಿಸಿದ್ದು ಜೇಡಿಯಲ್ಲ. ಶಾಲೆ ದೂರ, ಕೆಲಸ ದೂರ, ಕೈಯಲ್ಲಿ ಹಿಡಿದ ಚೀಲದ ಜೊತೆ ಸೇತುವೆ ಹತ್ತಬೇಕು. ಮಣ್ಣು ಪರೀಕ್ಷೆಯವನಾಗಿ ಮಣ್ಣಿನ ಪರ ಇಷ್ಟಾದರೂ ವಾದ ಮಾಡಬೇಕಲ್ಲ ನಾನು.

ಊರು ಪೂರ್ತಿ ಪಾಳು ಬೀಳದೆ ಉಳಿದದ್ದಕ್ಕೆ ಹೊರಗಿನವರ ಪಾಲೂ ಇದೆ. ಆಸ್ತ್ರಾ ಝರೀನಾ ಅಂತ ಒಬ್ಬರು ಆರ್ಕಿಟೆಕ್ಟ್, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. 1960ರ ದಶಕದಲ್ಲಿ ಇಲ್ಲಿ ಬಿದ್ದ ಮನೆ ಕೊಂಡು ರಿಪೇರಿ ಮಾಡಿಕೊಂಡರು. ಆಮೇಲೆ ವಿದ್ಯಾರ್ಥಿಗಳನ್ನು ಕರೆತಂದು, ಬೆಟ್ಟದ ಊರುಗಳನ್ನು ಹೇಗೆ ಕಟ್ಟಿದ್ದಾರೆ ಅಂತ ಇಲ್ಲೇ ಇರಿಸಿ ಕಲಿಸಿದರು. ಹಳೆ ಮನೆಯನ್ನು ಕೆಡವದೆ, ಹಳೆ ಕಲ್ಲಿನಲ್ಲೇ ಸರಿಮಾಡಬಹುದು ಅಂತ ಕಣ್ಣಮುಂದೆ ತೋರಿಸಿದವರು.

ಊಟದ ವಿಷಯ ಬೇಗ ಮುಗಿಸ್ತೀನಿ. ನಾವು ಸಸ್ಯಾಹಾರಿಗಳು, ಭಯ ಪಟ್ಟಷ್ಟು ಕಷ್ಟ ಆಗಲಿಲ್ಲ. ಹಿಟ್ಟು ನೀರು ಬಿಟ್ಟು ಬೇರೇನೂ ಹಾಕದೆ, ಬತ್ತಿ ಹೊಸೆಯೋ ಹಾಗೆ ಕೈಯಲ್ಲೇ ಹೊಸೆದ ದಪ್ಪ ಶಾವಿಗೆ ಸಿಗುತ್ತೆ. ಟೊಮೆಟೊ ಬೆಳ್ಳುಳ್ಳಿ ಗೊಜ್ಜಿನಲ್ಲಿ ಕಲಸಿ ಕೊಡುತ್ತಾರೆ. ಕೆಂಡದ ಮೇಲೆ ಸುಟ್ಟ ಬ್ರೆಡ್ಡಿಗೆ ಆಲಿವ್ ಎಣ್ಣೆ. ಮಧ್ಯ ಇಟಲಿಯ ಆ ಕಡೆ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಅದು ಅವರ ರೂಢಿ. ನಮ್ಮ ಮನೆಯವರು ಆಚೆ ಈಚೆ ನೋಡಿ, ಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದರು. ಆಲಿವ್ ಎಣ್ಣೆ ಮತ್ತು ಶೇಂಗಾ ಚಟ್ನಿಪುಡಿ. ನಗಬೇಡಿ, ಮನೆಯಲ್ಲಿ ಮಾಡಿ ನೋಡಿ. ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ತಲೆಗಿಷ್ಟು ಹಾಕಿದ್ದರು. ಕೂತಿದ್ದಕ್ಕೆ ದುಡ್ಡು. ಇಟಲಿಯಲ್ಲಿ ಅದೂ ರೂಢಿ.

ಆಮೇಲೆ ಮ್ಯೂಸಿಯಂಗೆ ಹೋದೆವು. ಭೂಕುಸಿತಕ್ಕೇ ಮೀಸಲಾದ ಮ್ಯೂಸಿಯಂ, ಹಳೆ ಅರಮನೆಯೊಂದರಲ್ಲಿ ಮಾಡಿದ್ದಾರೆ. ಒಳಗೆ ನಾನೂ ಒಂದಿಬ್ಬರೂ ಬಿಟ್ಟರೆ ಯಾರೂ ಇಲ್ಲ. ಐಸ್‌ಕ್ರೀಮ್ ಅಂಗಡಿ ಮುಂದೆ ಮಾತ್ರ ಸಾಲು. ನಾನು ಒಂದೂವರೆ ಗಂಟೆ ಇದ್ದೆ. ಕುಸಿತ ತಡೆಯೋಕೆ ಏನೇನು ಮಾಡುತ್ತಾರೆ ಅಂತ ನೋಡಿದೆ. ಬಂಡೆಯೊಳಗೆ ಉಕ್ಕಿನ ಸರಳು ಹೊಡೆದು ಬಿಗಿಯೋದು, ನೀರು ಬಸಿದು ಹೊರಗೆ ಕಳಿಸೋದು, ಹಳ್ಳಕ್ಕೆ ಸಣ್ಣ ಒಡ್ಡು ಹಾಕಿ ನೀರಿನ ಓಟ ತಗ್ಗಿಸೋದು, ಇಂಥ ಕೆಲಸಗಳು. ಇದರಿಂದ ಕುಸಿತ ನಿಲ್ಲಲ್ಲ. ಮುಂದಕ್ಕೆ ಹೋಗುತ್ತೆ, ಅಷ್ಟೇ.

ಆಗ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಅಷ್ಟು ದುಡ್ಡು ಬರೋದಾದರೆ ಗುಡ್ಡದ ಸುತ್ತ ಒಂದು ಗಟ್ಟಿ ಗೋಡೆ ಕಟ್ಟಿಬಿಡಬಹುದಲ್ಲ?

ಒಳ್ಳೆ ಪ್ರಶ್ನೆ. ಗೋಡೆ ಎಲ್ಲಿ ನಿಲ್ಲುತ್ತೆ? ಅದೇ ಜೇಡಿಯ ಮೇಲೆ. ಗೋಡೆಯ ಭಾರ ಸೇರಿ ಇನ್ನೂ ಬೇಗ ಜಾರುತ್ತೆ. ಇಂಥ ಕಡೆ ಮೊದಲು ನೋಡಬೇಕಾದ್ದು ನೀರು. ನೀರನ್ನು ಒಳಗೆ ಬಿಡದೆ ಇದ್ದರೆ ಅರ್ಧ ಕೆಲಸ ಆದಂಗೆ.

ಇನ್ನೊಬ್ಬರು, ಟಿಕೆಟ್ ಬಗ್ಗೆ ಆಮೇಲೆ ಹೇಳ್ತೀನಿ ಅಂದಿರಲ್ಲ ಅಂತ ನೆನಪಿಸಿದರು. ಹೌದು. 2010ರ ಹೊತ್ತಿಗೆ ಅಲ್ಲಿಗೆ ವರ್ಷಕ್ಕೆ ಸುಮಾರು 40 ಸಾವಿರ ಜನ ಬರುತ್ತಿದ್ದರು. ಕೆಲವೇ ವರ್ಷದಲ್ಲಿ ಅದು 8 ಲಕ್ಷ ದಾಟಿತು. ಟಿಕೆಟ್ ಹಾಕಿದರೆ ಜನ ಕಮ್ಮಿ ಆಗುತ್ತಾರೆ ಅಂತ ನಾವು ಅಂದುಕೊಳ್ತೀವಿ. ಅಲ್ಲಿ ಟಿಕೆಟ್ ಹಾಕಿದ್ದೇ ಸುದ್ದಿಯಾಗಿ ಜನ ಜಾಸ್ತಿ ಆದರು. ದುಡ್ಡು ಎಷ್ಟು ಬಂತು ಅಂದರೆ, ಬಾನ್ಯೊರೇಜೊದವರಿಗೆ ಪಟ್ಟಣದ ತೆರಿಗೆಯನ್ನೇ ತೆಗೆದುಹಾಕಿದರು. ಊರಿಗೆ ಟಿಕೆಟ್ ಹಾಕೋದು ಸರಿಯಾ? ನನಗೆ ಅದರಲ್ಲಿ ಬೇಸರ ಇಲ್ಲ. ನಾನು ಆ ಸೇತುವೆ ಸವೆಸಿ ಬಂದಿದ್ದೇನೆ, ಅದಕ್ಕೆ ಐದು ಯೂರೋ ಜಾಸ್ತಿ ಏನಲ್ಲ. ಆದರೆ ನಮ್ಮ ಮನೆಯವರು ಕೇಳಿದ ಪ್ರಶ್ನೆ ಹಾಗೇ ಉಳಿದಿದೆ. ಮಧ್ಯಾಹ್ನ ಮೂರು ಗಂಟೆಗೆ ಚೌಕದಲ್ಲಿ ನಿಂತರೆ ನೂರಾರು ಜನ. ಅದರಲ್ಲಿ ಯಾರೂ ಆ ಊರವರಲ್ಲ.

ನಾವು ರಾತ್ರಿ ಉಳಿದಿದ್ದು ಬಾನ್ಯೊರೇಜೊದಲ್ಲಿ. ಊಟ ಆದಮೇಲೆ ಮತ್ತೆ ಆ ಕಟ್ಟೆಗೆ ಹೋದೆವು. ಜನ ಎಲ್ಲ ಹೊರಟುಹೋಗಿದ್ದರು. ಕಣಿವೆಯಲ್ಲಿ ಕಪ್ಪೆ ಕೂಗುತ್ತಿತ್ತು. ಸೇತುವೆಯ ದೀಪ ಹತ್ತಿತ್ತು. ಅದರ ಕೊನೆಗೆ ಚಿವಿತಾ, ಕತ್ತಲಲ್ಲಿ ಒಂದು ಮುದ್ದೆ. ನಮ್ಮ ಮನೆಯವರು ಬೆಳಕಿದ್ದ ಕಿಟಕಿಗಳನ್ನು ಎಣಿಸಿದರು. ಒಂಬತ್ತು. ಇದರಲ್ಲಿ ಊರವರದ್ದು ಎಷ್ಟು, ಬಾಡಿಗೆ ರೂಮಿನವರದ್ದು ಎಷ್ಟು ಅಂತ ಕೇಳಿದರು. ನನಗೆ ಬೆಡ್‌ಶೀಟಿನ ಗಂಟು ನೆನಪಾಯಿತು.

ಮಾರನೇ ದಿನ ಸೋಮವಾರ, ಬಸ್ಸು ಇತ್ತು. ಅದಕ್ಕೆ ಮುಂಚೆ ಇನ್ನೊಂದು ಸಲ ನೋಡಿ ಬರ್ತೀನಿ ಅಂತ ಬೆಳಗ್ಗೆ ಏಳಕ್ಕೆ ಒಬ್ಬನೇ ಸೇತುವೆ ಬುಡಕ್ಕೆ ಹೋದೆ. ಆಪೆ ಆಗಲೇ ಕೆಳಗೆ ಬರುತ್ತಿತ್ತು. ಹಿಂದೆ ಖಾಲಿ ಬಾಟಲಿ, ಮಡಚದ ಬಿಳಿ ಬೆಡ್‌ಶೀಟು. ಡ್ರೈವರ್ ಪಕ್ಕ ಒಬ್ಬರು ವಯಸ್ಸಾದವರು, ತಲೆಗೆ ಟೋಪಿ, ಮಡಿಲಲ್ಲಿ ಒಂದು ಪುಟ್ಟಿ. ಪುಟ್ಟಿಯಲ್ಲಿ ಬದನೆಕಾಯಿ, ಒಂದಿಷ್ಟು ಸೊಪ್ಪು. ಕೈ ಎತ್ತಿ “ಬೊನ್‌ಜೋರ್ನೊ” ಅಂದರು. ಅವರ ಕಿಟಕಿಯೂ ಒಂಬತ್ತರಲ್ಲಿ ಒಂದು ಇರಬೇಕು. ನಾನೂ ಕೈ ಎತ್ತಿದೆ.

ಅಗೋ, ಕರೆಂಟು ಬಂತು. ಮಣ್ಣಿನ ಫೋಟೋ ಯಾರಿಗಾದರೂ ನೋಡಬೇಕಾ?